ಮೀನಿನ ಗಾಡಿಗೆ ಹೊಸ ಬ್ಯಾಟರಿ

ಅತ್ತೆ,

ನಿಮಗೆ ಓದು ಬರುತ್ತಿರಲಿಲ್ಲ. ಮನೆಗೆ ಬಂದ ಕಾಗದ ಮದುವೆಯ ಕರೆಯೋಲೆಯಿರಲಿ, ಕರೆಂಟ್ ಬಿಲ್ಲಿರಲಿ, ನನ್ನ ಕೈಗೆ ಕೊಟ್ಟು ಎದುರಿಗೆ ಕಾಲು ನೀಡಿಕೊಂಡು ಕೂರುತ್ತಿದ್ದಿರಿ. "ಗಟ್ಟಿಯಾಗಿ ಓದು ಕಣಮ್ಮಿ, ಬಾಯೊಳಗೇ ಮಣಮಣ ಅನ್ಬ್ಯಾಡ" ಅನ್ನುತ್ತಿದ್ದಿರಿ. ಅದಕ್ಕೇ ಇದನ್ನು ಬರೆಯುತ್ತಾ ಬಾಯಿಬಿಟ್ಟು ಓದುತ್ತಲೂ ಇದ್ದೇನೆ. ನಿಮ್ಮ ಮಗ ಹಿತ್ತಲಲ್ಲಿದ್ದಾರೆ. ಕೇಳಿಸಿದರೆ ಕೇಳಿಸಲಿ.

ನಿಮ್ಮ ಮೀನಿನ ಗಾಡಿಗೆ ಲಿಥಿಯಂ ಬ್ಯಾಟರಿ ಹಾಕಿಸಿದೆ. ಹಾಸನಕ್ಕೆ ಹೋಗಿ ನೀವೇ ಹೇಳಿಬಂದಿದ್ದಿರಲ್ಲ, ಅದೇ. ನೀವು ಹೋದಮೇಲೆ ಬಂತು. ಇನ್ನೊಂದು ವಾರ ಮೊದಲು ಬಂದಿದ್ದರೆ... ಈ ಮಾತನ್ನು ಎಷ್ಟು ಸಲ ಶುರು ಮಾಡಿದ್ದೇನೋ, ಒಂದು ಸಲವೂ ಮುಗಿಸಲಾಗಿಲ್ಲ.

ಬಾಗೂರಿನಿಂದ ಮದುವೆಯಾಗಿ ನಾನು ಅರಕಲಗೂಡಿಗೆ ಬಂದಾಗ ನಿಮಗಿನ್ನೂ ಗಾಡಿ ಇರಲಿಲ್ಲ. ಗೊರೂರು ಡ್ಯಾಮಿನ ಹಿನ್ನೀರಿನಲ್ಲಿ ಬೆಳಿಗ್ಗೆ ಬಲೆಗೆ ಬಿದ್ದ ಮೀನನ್ನು ಬುಟ್ಟಿಗೆ ತುಂಬಿ, ಮೇಲೆ ಗೋಣಿತಾಟು ಹೊದಿಸಿ, ಬಸ್ಸಿಗೆ ಕಾಯುತ್ತಿದ್ದಿರಿ. ಒಂದು ದಿನ ನಾನೂ ಜೊತೆಗಿದ್ದೆ. ಕಂಡಕ್ಟರ್ ಮೂಗಿಗೆ ಕರ್ಚೀಫು ಒತ್ತಿಕೊಂಡು, "ಇಳಿ ಇಳಿ, ಬಸ್ಸೆಲ್ಲಾ ನಾತ ಒಡೀತದೆ" ಅಂದ. ನೀವು ಜಗಳವಾಡಲಿಲ್ಲ. ಬುಟ್ಟಿ ಇಳಿಸಿಕೊಂಡು ರಸ್ತೆ ಪಕ್ಕ ನಿಂತಿರಿ. ಬಸ್ಸು ಹೋದಮೇಲೆ, "ಇದೇ ಮೀನ್ನ ಬಾನುವಾರ ಇವ್ನ ಎಂಡ್ರು ಉಪ್ಪು ಕಾರ ಅಚ್ಚಿ ಉರುದ್ರೆ ತಟ್ಟೆ ನೆಕ್ತಾನೆ" ಅಂದಿರಿ. ನಾನು ನಕ್ಕುಬಿಟ್ಟೆ. ನಿಮ್ಮ ಕಣ್ಣು ನೋಡಿದ ಮೇಲೆ ನಗು ಅಲ್ಲೇ ನಿಂತುಹೋಯಿತು.

ಆಮೇಲೆ ಗಾಡಿ ಬಂತು. ಹಾಸನದಲ್ಲಿ ಯಾರೋ ನೀರಿನ ಕ್ಯಾನ್ ಹಾಕಲು ಇಟ್ಟುಕೊಂಡಿದ್ದ, ಮೂರು ಚಕ್ರದ, ಹಿಂದೆ ತೊಟ್ಟಿಯಂಥ ಪೆಟ್ಟಿಗೆಯಿರುವ ಕರೆಂಟ್ ಗಾಡಿ. ಸ್ಕೂಲಿನ ಮೈದಾನದಲ್ಲಿ ಕಲಿಯಲು ಹೋಗಿ, ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬ್ರೇಕ್ ಒತ್ತುವ ಬದಲು "ಓ ಓ ಓ" ಎಂದು ಎತ್ತಿಗೆ ಹೇಳುವಂತೆ ಹೇಳುತ್ತಾ ಕಾಂಪೌಂಡಿಗೇ ಗುದ್ದಿಸಿದಿರಿ. ಆದರೂ ಸ್ವಲ್ಪ ದಿನಕ್ಕೇ ಪೇಟೆಯಲ್ಲಿ ಆಟೋದವರೆಲ್ಲ ನಿಮಗೆ ದಾರಿ ಬಿಡುವಂತಾಯಿತು. ಯಾರನ್ನೂ ಕೇಳದೆ ಹೊರಡುವುದು, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುವುದು. ನಿಮಗೆ ಆ ಗಾಡಿ ಎಂದರೆ ಏನೆಂದು ನಿಮ್ಮ ಮಗನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು ಅನಿಸುತ್ತದೆ.

ಸೀಟಿನ ಕೆಳಗೆ ನಾಲ್ಕು ಸೀಸದ ಬ್ಯಾಟರಿ. ಒಂದೊಂದೂ ತುಂಬಿದ ಕೊಡಕ್ಕಿಂತ ಭಾರ. ನೀವು ವಾರಕ್ಕೊಮ್ಮೆ ಬಿರಡೆ ಬಿಚ್ಚಿ, ಮಗುವಿಗೆ ಔಷಧಿ ಕುಡಿಸುವ ಹಾಗೆ ಡಿಸ್ಟಿಲ್ಡ್ ವಾಟರ್ ಹುಯ್ಯುತ್ತಿದ್ದಿರಿ. ಆಸಿಡ್ ಹನಿ ಬಿದ್ದು ನಿಮ್ಮ ಹಸಿರು ಸೀರೆಯ ತುಂಬ ತೂತು. ಮೊದಮೊದಲು ಗೊರೂರಿಗೆ ಹೋಗಿಬಂದು ಊರೆಲ್ಲ ಸುತ್ತಿದರೂ ಚಾರ್ಜು ಉಳಿಯುತ್ತಿತ್ತು. ಬರಬರುತ್ತಾ ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಸುಸ್ತು. ಸಮತಟ್ಟಿನ ರಸ್ತೆಯಲ್ಲಿ ಚೆನ್ನಾಗಿಯೇ ಓಡುವುದು, ನೀರಿನ ದಡದಿಂದ ರಸ್ತೆಗೆ ಬರುವ ಆ ಏರಿನಲ್ಲಿ ಮಾತ್ರ ಮೀಟರಿನ ಮುಳ್ಳು ದಪ್ಪೆಂದು ಕೆಳಗೆ ಬೀಳುವುದು. ಕಾಳಣ್ಣ ಹಿಂದಿನಿಂದ ತಳ್ಳಿಕೊಡುತ್ತಿದ್ದರು. ನಿಮಗೆ ಮೀನು ತೂಗಿಕೊಡುವ ಕಾಳಣ್ಣ, ಬಲೆ ಎಷ್ಟು ಭಾರವಿದ್ದರೂ ಬಿಟ್ಟು ಓಡಿಬರುತ್ತಿದ್ದರು.

ಹಾಸನದ ಆ ಬ್ಯಾಟರಿ ಅಂಗಡಿಗೆ ನಾವಿಬ್ಬರೂ ಹೋದದ್ದು ನನಗೆ ಎಷ್ಟು ಸಲ ನೆನಪಾಗುತ್ತದೋ. ಮೆಕ್ಯಾನಿಕ್ ಇಮ್ರಾನ್ ಲಿಥಿಯಂ ಪೆಟ್ಟಿಗೆಯೊಂದನ್ನು ತೋರಿಸಿದಾಗ ನೀವು ಬಗ್ಗಿ ನೋಡಿ, ಬಿರಡೆ ಹುಡುಕಿದಿರಿ.

"ಇದುಕ್ಕೆ ನೀರು ಎಲ್ಲಿ ಉಯ್ಯೋದಪ್ಪಾ?"

"ನೀರೇ ಬೇಡ ಅಮ್ಮಾ."

"ನೀರು ಕುಡೀದೆ ಬದುಕೋದು ಎಂತದ್ಲಾ ಅದು? ಏರು ಅತ್ತುತ್ತಾ?"

"ಆರಾಮಾಗಿ ಹತ್ತುತ್ತೆ. ಹಳೇದು ಏರಲ್ಲಿ ಲೋಡ್ ಬಿದ್ರೆ ಕೂತ್ಬಿಡುತ್ತೆ. ಇದು ಖಾಲಿಯಾಗೋವರ್ಗೂ ಒಂದೇ ಸಮ ಕೊಡುತ್ತೆ."

"ಅಂಗಾರೆ ನಮ್ಮಂಗೆ ಬುಡು" ಎಂದು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಿರಿ. ನಮ್ಮ ಗಾಡಿಯ ಅಳತೆಗೆ ಹೊಂದುವಂತೆ ಮಾಡಿಸಬೇಕು, ಬಂದ ಕೂಡಲೇ ಫೋನ್ ಮಾಡುತ್ತೇನೆ ಅಂದರು ಇಮ್ರಾನ್. ಬಸ್ ಸ್ಟ್ಯಾಂಡಿನಲ್ಲಿ ನೀವು ನನಗೆ ಮಲ್ಲಿಗೆ ಕೊಡಿಸಿದಿರಿ. ಏನು ವಿಶೇಷ ಅಂದರೆ, "ಏನೂ ಇಲ್ಲ, ಮುಡ್ಕೊ" ಅಂದಿರಿ.

ಆ ದಿನ ನಾನು ಬಾಗೂರಿನಲ್ಲಿದ್ದೆ, ನನ್ನ ತಂಗಿಯ ಮಗುವಿನ ನಾಮಕರಣಕ್ಕೆ. ನೀವೇ ಬಲವಂತ ಮಾಡಿ ಕಳಿಸಿದ್ದು. ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದ್ದಾರೆಂದು ಫೋನು ಬಂದಾಗ ತೊಟ್ಟಿಲಿಗೆ ಹೂ ಕಟ್ಟುತ್ತಿದ್ದೆ. ಬಾಗೂರಿನಿಂದ ಚನ್ನರಾಯಪಟ್ಟಣ, ಅಲ್ಲಿಂದ ಹಾಸನ. ಆ ಬಸ್ಸು ಪ್ರತಿಯೊಂದು ಹಳ್ಳಿಯಲ್ಲೂ ನಿಲ್ಲಿಸಿತು ಅತ್ತೆ. ಜನ ಹತ್ತಿದರು, ಇಳಿದರು, ಚಿಲ್ಲರೆಗೆ ಜಗಳವಾಡಿದರು. ಆಸ್ಪತ್ರೆಗೆ ಬರುವ ಹೊತ್ತಿಗೆ ನಿಮ್ಮ ಮಗ ವರಾಂಡದಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದರು. ಅವರ ಬೆನ್ನು ನೋಡಿಯೇ ನನಗೆ ತಿಳಿಯಿತು.

ಮಿಕ್ಕಿದ್ದನ್ನು ಕಾಳಣ್ಣ ಹೇಳಿದರು. ಏರಿನ ಅರ್ಧದಲ್ಲಿ ಗಾಡಿ ನಿಂತಿತಂತೆ. ಅವರು ದೂರದಲ್ಲಿ ದೋಣಿಯಲ್ಲಿದ್ದರು. ಕೂಗಿದರೂ ನಿಮಗೆ ಕೇಳಿಸಲಿಲ್ಲವೋ, ಮೀನಿನ ಮೇಲಿನ ಐಸು ಕರಗುತ್ತದೆ ಅಂತ ಕಾಯಲಿಲ್ಲವೋ. ಕೆಳಗಿಳಿದು ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದು, ಒಬ್ಬರೇ ತಳ್ಳಿಕೊಂಡು ಹೊರಟಿರಂತೆ. ಅವರು ಓಡಿಬರುವಷ್ಟರಲ್ಲಿ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟು, ಪಕ್ಕದಲ್ಲೇ ಕೂತಿದ್ದಿರಂತೆ. "ಎದೆ ಇಡ್ಕೊಂಡಂಗಾಯ್ತದೆ ಕಣ್ಲಾ ಕಾಳ" ಅಂದಿರಂತೆ. ಆ ಉಸಿರಿನಲ್ಲೂ ಗಾಡಿ ಹಿಂದಕ್ಕೆ ಜಾರಬಾರದೆಂದು ಕಲ್ಲು ಹುಡುಕಿದಿರಲ್ಲ ಅತ್ತೆ! ಆಸ್ಪತ್ರೆಗೆ ಕರೆದೊಯ್ಯೋಣವೆಂದರೆ ಪಕ್ಕದಲ್ಲೇ ನಿಂತ ಗಾಡಿ ಅಲುಗಲೊಲ್ಲದು. ಆಟೋ ಬರುವವರೆಗೆ ಕಾಳಣ್ಣ ನಿಮ್ಮ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟವಲಿನಿಂದ ಗಾಳಿ ಹಾಕುತ್ತಿದ್ದರಂತೆ. ಅವತ್ತಿನ ಮೀನು ಏನಾಯಿತೆಂದು ನೀವು ಖಂಡಿತ ಕೇಳುತ್ತಿದ್ದಿರಿ. ಯಾರೂ ಮಾರಲಿಲ್ಲ. ಎಲ್ಲವನ್ನೂ ಮತ್ತೆ ನೀರಿಗೇ ಸುರಿದರಂತೆ.

ಹೊಲದ ಮೂಲೆಯಲ್ಲಿ ನಿಮ್ಮನ್ನು ಮಣ್ಣು ಮಾಡಿ ಬಂದೆವು. ಬುದ್ಧನ ಪಟದ ಮುಂದೆ ಮೇಣದಬತ್ತಿ ಹಚ್ಚಿದೆವು. ಬಂದವರೆಲ್ಲ ಎರಡೆರಡು ಒಳ್ಳೆಯ ಮಾತು ಹೇಳಿದರು. ನಿಮ್ಮ ಮಗ ಮಾತ್ರ ಒಂದು ಹನಿ ಕಣ್ಣೀರು ಹಾಕಲಿಲ್ಲ. ಗೊಬ್ಬರದಂಗಡಿಯ ಕೆಲಸಕ್ಕೆ ಹೋದರು, ಬಂದರು, ಉಂಡರು, ಮಲಗಿದರು. ಹಿತ್ತಲಿಗೆ ತಂದು ನಿಲ್ಲಿಸಿದ ಗಾಡಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಒಬ್ಬಳೇ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದೆ.

ಅಂಥದೊಂದು ಬೆಳಿಗ್ಗೆ ಇಮ್ರಾನ್ ಫೋನ್ ಮಾಡಿದರು. "ಅಕ್ಕಾ, ಬ್ಯಾಟರಿ ರೆಡಿ. ಅಮ್ಮನ್ನ ಕರ್ಕೊಂಡು ಬನ್ನಿ." ಅವರಿಗೆ ಗೊತ್ತಿರಲಿಲ್ಲ ಪಾಪ. ನಾನು ವಿಷಯ ಹೇಳಿದೆ. "ಬೇಡ ಅಂದ್ರೆ ಬೇರೆ ಗಾಡಿಗೆ ಹಾಕ್ತೀನಿ ಅಕ್ಕಾ, ಬೇಜಾರಿಲ್ಲ" ಅಂದರು. ಬೇಡ ಎನ್ನಲು ಬಾಯಿ ತೆರೆದವಳು "ಬರ್ತೀನಿ" ಅಂದೆ. ಯಾಕೆ ಹಾಗಂದೆ? ನೀವು ಆಸೆಪಟ್ಟು ಹೇಳಿಬಂದ ವಸ್ತು ಬೇರೆಯವರ ಗಾಡಿಗೆ ಹೋಗುವುದು ನನ್ನಿಂದ ತಡೆದುಕೊಳ್ಳಲಾಗಲಿಲ್ಲ, ಅಷ್ಟೇ.

ನಿಮ್ಮ ಮಗ ಕೇಳಿದ್ದೇ ತಟ್ಟೆ ಸರಿಸಿ ಎದ್ದರು.

"ಆ ಗಾಡೀನೇ ನಮ್ಮವ್ವನ್ನ ತಿಂದಿದ್ದು. ನಾಳೆ ಗುಜ್ರಿಗೆ ಆಕ್ಬುಡ್ತೀನಿ."

"ಗಾಡಿ ಅಲ್ಲ, ಬ್ಯಾಟರಿ. ಅದನ್ನ ತೆಗ್ಸಿಬುಡ್ತೀನಿ."

"ತೆಗ್ಸುದ್ರೆ ಅವ್ವ ಬಂದ್ಬುಡ್ತಾಳಾ?"

ಬರುವುದಿಲ್ಲ ಎಂದು ನನಗೆ ಗೊತ್ತಿಲ್ಲವೇ? "ನಾನೊಬ್ಳೇ ತಗೊಂಡೋಯ್ತೀನಿ" ಅಂದೆ. "ಏನಾರ ಮಾಡ್ಕೊ. ನನ್ ಕಣ್ಣಿಗೆ ಬೀಳ್ಸಬ್ಯಾಡ" ಅಂದರು. ಲಗೇಜ್ ಆಟೋದಲ್ಲಿ ಗಾಡಿಯನ್ನು ಹಾಸನಕ್ಕೆ ಸಾಗಿಸಿದೆ.

ಸೀಟು ಎತ್ತಿದಾಗ ಹಳೆಯ ಬ್ಯಾಟರಿಗಳ ತಲೆಯ ಮೇಲೆ ಬೂಷ್ಟಿನಂಥ ಬಿಳಿ ಹಸಿರು ಪುಡಿ ಕಟ್ಟಿತ್ತು. ಕೆಳಗಿನ ತಟ್ಟೆಯನ್ನು ಆಸಿಡ್ ತಿಂದು ಜರಡಿ ಮಾಡಿತ್ತು. ಒಂದೊಂದನ್ನೂ ಇಬ್ಬಿಬ್ಬರು ಹಿಡಿದು ಇಳಿಸಿದರು. ಕೊನೆಯದನ್ನು ಇಳಿಸಿದಾಗ ಗಾಡಿ ತಾನಾಗಿಯೇ ಮೇಲಕ್ಕೆದ್ದಿತು. ಮೂಟೆ ಇಳಿಸಿದವರು ಬೆನ್ನು ನೆಟ್ಟಗೆ ಮಾಡುತ್ತಾರಲ್ಲ, ಹಾಗೆ. ನನಗೆ ನೋಡಲಾಗಲಿಲ್ಲ. ಇಷ್ಟು ಭಾರವನ್ನಾ ನೀವು ಏರಿನಲ್ಲಿ ತಳ್ಳಿದ್ದು? ಮೀನು, ಐಸು, ಅದರ ಜೊತೆಗೆ ಈ ಸತ್ತ ಸೀಸವನ್ನೂ?

ತಟ್ಟೆಗೆ ಹೊಸ ತಗಡು ವೆಲ್ಡ್ ಮಾಡಿ, ಪೆಟ್ಟಿಗೆ ಅಲುಗದಂತೆ ರಬ್ಬರ್ ಕೊಟ್ಟು, ಪಟ್ಟಿ ಬಿಗಿದರು. ವೈರಿನ ತುದಿಗಳನ್ನು ಬದಲಾಯಿಸಿದರು. ಹಳೆಯ ಚಾರ್ಜರನ್ನು ಇದಕ್ಕೆ ಯಾವ ಕಾರಣಕ್ಕೂ ಹಾಕಬಾರದೆಂದು ಹೊಸದನ್ನು ಕೊಟ್ಟರು. ಮುಳ್ಳಿನ ಮೀಟರನ್ನು ತೆಗೆದು, ಎಷ್ಟು ಚಾರ್ಜಿದೆ ಎಂದು ಅಂಕಿಯಲ್ಲೇ ತೋರಿಸುವ ಮೀಟರು ಕೂರಿಸಿದರು. ನಿಮಗೆ ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. ಹೊಸ ಪೆಟ್ಟಿಗೆಯನ್ನು ಇಳಿಸುವಾಗ, "ಅಕ್ಕಾ, ನೀವೂ ಒಂದು ಕೈ ಹಿಡೀತೀರಾ?" ಎಂದು ಕೇಳಿದರು ಇಮ್ರಾನ್. ಆ ಕಡೆ ಅವರು, ಈ ಕಡೆ ನಾನು. ಸಲೀಸಾಗಿ ಎದ್ದಿತು. ಒಂದು ಅಕ್ಕಿ ಮೂಟೆಯಷ್ಟೂ ಇಲ್ಲ. ಅಲ್ಲಿಯೇ, ಅಂಗಡಿಯ ಗಿರಾಕಿಗಳೆಲ್ಲರ ಎದುರಿಗೆ, ಪೆಟ್ಟಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ. ಹಗುರವಾಗಿದೆಯಲ್ಲಾ ಎಂದು ಯಾರಾದರೂ ಅಳುತ್ತಾರಾ ಅತ್ತೆ? ಇಮ್ರಾನ್ ತಲೆ ತಗ್ಗಿಸಿ ನಿಂತಿದ್ದರು. ಕೈ ಬಿಡಲಿಲ್ಲ.

ನೀವು ಕಲಿಸಿದ್ದಂತೆ ಗಾಡಿ ಓಡಿಸಿಕೊಂಡು ನಾನೇ ಮೀನಿಗೆ ಹೋಗತೊಡಗಿದೆ. ಮೊದಲ ದಿನ ಕಾಳಣ್ಣ ತಕ್ಕಡಿಯಲ್ಲಿ ಕಾಟ್ಲಾ ಮೀನು ತೂಗಿ, ಮೇಲೊಂದು ಜಿಲೇಬಿ ಮೀನು ಎಸೆದರು. ನಿಮಗೆ ಎಸೆಯುತ್ತಿದ್ದ ಹಾಗೇ. ನಾನು ಹೊರಟಾಗ ಅವರು ಗಾಡಿಯ ಹಿಂದೆ ಕೈಯಿಟ್ಟುಕೊಂಡು ಓಡತೊಡಗಿದರು. "ಬ್ಯಾಡ ಕಾಳಣ್ಣ, ಅತ್ತುತ್ತೆ" ಅಂದೆ. ಹತ್ತಿತು. ನೀವು ಕೂತಿದ್ದ ಜಾಗವನ್ನು ಗಾಡಿ ಸದ್ದಿಲ್ಲದೆ ದಾಟಿಹೋಯಿತು. ಸ್ವಲ್ಪ ನಿಧಾನವಾಗಿಯಾದರೂ ದಾಟಬಾರದಿತ್ತೇ ಅನಿಸಿತು ನನಗೆ.

ನಿಮ್ಮ ಮಗ ಮನೆಯಲ್ಲಿ ಮೀನು ಮುಟ್ಟುವುದನ್ನು ಬಿಟ್ಟರು. ಗಾಡಿಯ ಮಾತು ನಾನೂ ಎತ್ತಲಿಲ್ಲ, ಅವರೂ ಕೇಳಲಿಲ್ಲ. ಒಂದೇ ಮನೆಯಲ್ಲಿ ನಿಮ್ಮನ್ನು ಬೇರೆ ಬೇರೆಯಾಗಿ ಕಳೆದುಕೊಂಡು ಓಡಾಡುತ್ತಿದ್ದೆವು.

ಹೋದ ತಿಂಗಳು ಒಂದು ಬೆಳಿಗ್ಗೆ ನಾನು ದಡ ತಲುಪುವಷ್ಟರಲ್ಲಿ ಕೂಗಾಟ. ಕಲ್ಲುಗಳ ಸಂದಿಯಲ್ಲಿದ್ದ ಬಲೆ ಎಳೆಯುವಾಗ ಕಾಳಣ್ಣನ ಕೈಗೆ ಕೊಳಕುಮಂಡಲ ಹಾವು ಕಚ್ಚಿಬಿಟ್ಟಿತ್ತು. ಮುಂಗೈ ಆಗಲೇ ಊದಿಕೊಳ್ಳುತ್ತಿತ್ತು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದರು, ಯಾರೋ ಹಗ್ಗ ಬಿಗಿಯಲು ಹೊರಟಿದ್ದರು. "ಕಟ್ಬ್ಯಾಡಿ! ಎತ್ತಾಕಿ ಗಾಡಿಗೆ!" ಎಂದು ಕಿರುಚಿದೆ. ನನಗೆ ಅಷ್ಟು ದೊಡ್ಡ ಗಂಟಲಿದೆ ಎಂದು ನನಗೇ ಗೊತ್ತಿರಲಿಲ್ಲ. ಐಸು ಕೆಳಗೆ ಸುರಿದು ಅವರನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಹಿಡಿದುಕೊಳ್ಳಲು ಇನ್ನಿಬ್ಬರು ಹತ್ತಿದರು. ಮೂವರು ಗಂಡಸರ ಭಾರ, ಎದುರಿಗೆ ಆ ಏರು. ನಾನು ಮೀಟರ್ ನೋಡಲಿಲ್ಲ, ರಸ್ತೆ ನೋಡಲಿಲ್ಲ. "ಅತ್ತೆ, ಅತ್ತೆ, ಅತ್ತೆ" ಎನ್ನುತ್ತಿದ್ದೆನಂತೆ. ಕಾಳಣ್ಣನೇ ಆಮೇಲೆ ಹೇಳಿದ್ದು.

ಗೊರೂರಿನ ಆಸ್ಪತ್ರೆಯಲ್ಲಿ ವಿಷಕ್ಕೆ ಇಂಜೆಕ್ಷನ್ ಶುರು ಮಾಡಿ, ಆಂಬುಲೆನ್ಸಿನಲ್ಲಿ ಹಾಸನಕ್ಕೆ ಕಳಿಸಿದರು. ಬದುಕಿದರು ಅತ್ತೆ. ಬೆರಳೊಂದು ಸರಿಯಾಗಿ ಮಡಚಲು ಬರುವುದಿಲ್ಲವಷ್ಟೇ. ಅವರು ಉಳಿದರೆಂದು ತಿಳಿದಾಗ ನನಗೆ ಎಷ್ಟು ಸಮಾಧಾನವಾಯಿತೋ, ಅಷ್ಟೇ ಹೊಟ್ಟೆಕಿಚ್ಚೂ ಆಯಿತು. ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡು, "ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವಾ" ಎನ್ನುತ್ತಿದ್ದರೆ, ನಾನು ಒಳಗೇ ಕೇಳುತ್ತಿದ್ದೆ: ಅದೇ ಏರು, ಅದೇ ಗಾಡಿ. ನನ್ನ ಅತ್ತೆಗೆ ಮಾತ್ರ ಯಾಕೆ ಹೀಗಾಗಲಿಲ್ಲ? ಇಂಥದ್ದನ್ನು ಯಾರ ಹತ್ತಿರ ಹೇಳಲಿ? ನಿಮ್ಮ ಹತ್ತಿರ ಹೇಳಬಹುದು. ನೀವು ಬೈಯುವುದಿಲ್ಲ.

ಹಾವು ಕಚ್ಚಿದ ದಿನ ಸಂಜೆ ನಾನು ಮನೆಗೆ ಬಂದಾಗ ಸುದ್ದಿ ಅರಕಲಗೂಡಿಗೆ ಮುಟ್ಟಿತ್ತು. ನಿಮ್ಮ ಮಗ ಬಾಗಿಲಲ್ಲೇ ಕೂತಿದ್ದರು.

"ಕಾಳಣ್ಣನ್ನ ನೀನೇ ಕರ್ಕೊಂಡೋದ್ಯಂತೆ?"

"ಊಂ."

"ಆ ಏರಲ್ಲೇನಾ?"

"ಊಂ."

ನನ್ನ ಮುಖ ನೋಡದೆ ಕೇಳಿದರು: "ಎಲ್ಲೂ ನಿಲ್ಲಲಿಲ್ವಾ?"

"ಎಲ್ಲೂ ನಿಲ್ಲಲಿಲ್ಲ."

ಅವರ ಬಾಯಿ ಸೊಟ್ಟಗಾಯಿತು. ಎದ್ದು ಹಿತ್ತಲಿಗೆ ಹೋಗಿ, ನೀವು ಕೂರುತ್ತಿದ್ದ ಸೀಟಿನ ಮೇಲೆ ಮುಖ ಇಟ್ಟು, "ಅವ್ವಾ" ಅಂದರು. ಒಂದೇ ಸಲ. ಆಮೇಲೆ ಬಂದದ್ದು ಮಾತಲ್ಲ. ಅಷ್ಟು ದಿನ ಅದನ್ನೆಲ್ಲ ಎಲ್ಲಿಟ್ಟುಕೊಂಡಿದ್ದರೋ. ನಾನು ಹೋಗಿ ಅವರ ಬೆನ್ನಿಗೆ ಆತುಕೊಂಡೆ. ಪಕ್ಕದ ಮನೆಯವರು ಗೋಡೆಯಾಚೆ ಇಣುಕಿ, ಸುಮ್ಮನೆ ಒಳಗೆ ಹೋದರು.

ಇಷ್ಟೇ ಅತ್ತೆ, ನಿಮಗೆ ಹೇಳಬೇಕಾಗಿದ್ದ ಸುದ್ದಿ. ನಿಮ್ಮ ಮಗ ಅತ್ತರು. ನಾನು ಬಚ್ಚಲಲ್ಲಿ ನೀರು ಬಿಟ್ಟುಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಈಗ ನೀವು ನೆನಪಾದರೆ ಇಬ್ಬರೂ ಒಂದೇ ಕಡೆ ಕೂತು ಅಳುತ್ತೇವೆ.

ನಿಮ್ಮ ಸೊಸೆ
ಸವಿತಾ