ಕೈ ಮುಂದಕ್ಕೆ, ಹಿಮ್ಮಡಿ ಹಿಂದಕ್ಕೆ

ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಭಾವನವರಿಗೆ,

ನಿಮ್ಮ ಮೇಲ್ಮನೆಯವನ ನಮಸ್ಕಾರಗಳು. ಅಕ್ಕ ಬರೆದ ಎರಡು ಕಾಗದಗಳೂ ತಲುಪಿ ತಿಂಗಳಾಯಿತು. ಉತ್ತರ ಬರೆಯಲಿಲ್ಲ. ಮಗಳಿಗೆ ಜ್ವರವಿತ್ತು, ಕೆಲಸ ಜಾಸ್ತಿಯಿತ್ತು ಎಂದು ಏನಾದರೂ ನೆವ ಹೇಳಬಹುದಿತ್ತು. ಮಗಳು ಗುಂಡುಕಲ್ಲಿನ ಹಾಗಿದ್ದಾಳೆ, ಕೆಲಸವೂ ಮಾಮೂಲಿಯೇ. ಬರೆಯಲು ಮುಖವಿರಲಿಲ್ಲ, ಅಷ್ಟೇ. ಇದು ನಾಲ್ಕನೇ ಸಲ ಶುರು ಮಾಡುತ್ತಿರುವುದು. ಮೊದಲಿನ ಮೂರೂ ಒಲೆಗೆ ಹೋದವು. ತಮ್ಮನಂಥವನು ಎಂದು ಕ್ಷಮಿಸಿಬಿಡಿ.

ನಿಮ್ಮ ಹೊಸ ಕೃತಕ ಕಾಲು ಮಂಡಿಯ ಕೆಳಗೆ ಉಜ್ಜುತ್ತದಂತೆ, ಹಳೆಯ ಬಟ್ಟೆಯನ್ನು ಎರಡು ಸುತ್ತು ಸುತ್ತಿಕೊಳ್ಳುತ್ತೀರಂತೆ. ಅಕ್ಕ ಎಲ್ಲವನ್ನೂ ಬರೆದಿದ್ದಾಳೆ. ಕಾಗದದ ಕೊನೆಗೆ ಇನ್ನೊಂದು ಮಾತು: "ನಿಮ್ಮ ಭಾವ ಈಗ ರಸ್ತೆ ದಾಟೋವಾಗ್ಲೂ ಯಾವ ಕಡೆ ನೋಡ್ಲಿ ಅಂತ ನನ್ನನ್ನೇ ಕೇಳ್ತಾರೆ ಕಣೋ. ತಮ್ಮ ಕೈ ಮೇಲೆ ತಮಗೇ ನಂಬಿಕೆ ಹೋಗಿದೆ." ಅದನ್ನು ಓದಿದ ದಿನದಿಂದ ಆ ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ.

ಅಯ್ಯೋ, ಯಾರ ಕೈ ಅದು! ಹದಿನಾರು ವರ್ಷ ನಾನು ಮೇಲೆ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತಿದ್ದೆ, ನೀವು ಕೆಳಗೆ ಬಂದರಿನ ನೆಲದಲ್ಲಿ ನಿಂತು ಕೈಸನ್ನೆ ಮಾಡುತ್ತಿದ್ದಿರಿ. "ಏನಯ್ಯಾ ಮೇಲ್ಮನೆಯವನೇ, ಕೆಳಗಿನವರ ಮೇಲೂ ಸ್ವಲ್ಪ ದಯೆ ಇರಲಿ" ಎಂದು ದಿನಾ ಬೆಳಿಗ್ಗೆ ಕಿಚಾಯಿಸುತ್ತಿದ್ದಿರಿ. ಗಾಳಿ ಎಷ್ಟೇ ಬೀಸಲಿ, ಎಂಜಿನ್ ಎಷ್ಟೇ ಅರಚಲಿ, ನಿಮ್ಮ ಎರಡು ಕೈ ಕಂಡರೆ ಸಾಕಿತ್ತು. ನಾನು ಭಾರವನ್ನು ನೋಡುತ್ತಿರಲಿಲ್ಲ, ನಿಮ್ಮ ಕೈಯನ್ನು ನೋಡುತ್ತಿದ್ದೆ. ಅಂಥ ಕೈಗೆ ಗುರುವಾರ ವಿಚಾರಣೆಯಂತೆ. ಅಂದು ತೀರ್ಮಾನ ನಿಮ್ಮ ವಿರುದ್ಧ ಹೋದರೆ ನಿಮ್ಮ ಬಿಲ್ಲೆ ಕಿತ್ತುಕೊಳ್ಳುತ್ತಾರೆ, ಆಮೇಲೆ ಯಾವ ಬಂದರಿನಲ್ಲೂ ನೀವು ಸನ್ನೆ ಮಾಡುವ ಹಾಗಿಲ್ಲ. ವರದಿಯಲ್ಲಿ ಒಂದೇ ಸಾಲು ಇದೆಯಂತೆ: ಸನ್ನೆ ಮಾಡುವವನು ತಪ್ಪು ದಿಕ್ಕು ತೋರಿಸಿದ್ದರಿಂದ ಅವಘಡವಾಯಿತು. ನಮ್ಮ ಬಂದರಿನ ಗೋದಾಮಿನವರು ಊಟದ ಹೊತ್ತಿನಲ್ಲಿ, "ಭಾರವನ್ನು ತನ್ನ ಮೈಮೇಲೆ ತಾನೇ ಕರೆದುಕೊಂಡ ಪುಣ್ಯಾತ್ಮ" ಎಂದು ನಗುತ್ತಾರೆ. ನಾನು ತಲೆ ತಗ್ಗಿಸಿ ಉಣ್ಣುತ್ತೇನೆ.

ಈಗ ಒಂದು ಆಟದ ವಿಷಯ ಹೇಳುತ್ತೇನೆ. ಹುಚ್ಚು ಹಿಡಿದಿದೆ ಎಂದುಕೊಳ್ಳಬೇಡಿ, ಪೂರ್ತಿ ಓದಿ.

ಹೋದ ಭಾನುವಾರ ಮಗಳು ಶಾಲೆಯಿಂದ ಕಲಿತು ಬಂದದ್ದನ್ನು ನನ್ನ ಮೇಲೆ ಪ್ರಯೋಗ ಮಾಡಿದಳು. "ಅಪ್ಪಾ, ಕುರ್ಚಿ ಮೇಲೆ ಕೂತ್ಕೋ. ಬಲಗಾಲನ್ನ ಎತ್ತಿ ಗಡಿಯಾರದ ಮುಳ್ಳು ತಿರುಗೋ ಹಾಗೆ ತಿರುಗಿಸ್ತಾ ಇರು. ಈಗ ಬಲಗೈಲಿ ಗಾಳೀಲಿ 6 ಬರಿ." ಇದೇನು ಮಹಾ ಎಂದು ಬರೆದೆ. ಕಾಲು ಗಕ್ಕನೆ ಉಲ್ಟಾ ತಿರುಗಿತು. ಮತ್ತೆ ಮಾಡಿದೆ, ಮತ್ತೆ ಅದೇ. ಅವಳ ಅಮ್ಮನೂ ಮಾಡಿದಳು, ಅವಳದೂ ಉಲ್ಟಾ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡಿದ್ಯಾ? ನೀನು ಹೇಳಿದ್ದನ್ನ ನಿನ್ನ ಕಾಲು ಕೇಳಲ್ಲ, ಕೈ ಹೇಳಿದ್ದನ್ನ ಕೇಳತ್ತೆ!" ಎಂದಳು ಮಗಳು. ನನಗೆ ನಗು ಬರಲಿಲ್ಲ.

ಯಾಕೆಂದರೆ ಭಾವ, ಬಂದರಿಗೆ ತಂದ ಆ ಹೊಸ ಕ್ರೇನು ನೆನಪಾಯಿತು. ಹಳೆಯದರಲ್ಲಿ ಕೊಕ್ಕೆಯನ್ನು ಇಳಿಸಿ ಏರಿಸುವುದಕ್ಕೆ ಬಲಗೈ, ಕ್ರೇನಿನ ತೋಳನ್ನು ತಿರುಗಿಸುವುದಕ್ಕೆ ಎಡಗೈ. ಎರಡಕ್ಕೂ ಜಗಳವಿರಲಿಲ್ಲ. ಹೊಸದರಲ್ಲಿ ತಿರುಗಿಸುವುದು ಬಲಗಾಲಿನ ಪೆಡಲು. ಬೆರಳ ಕಡೆ ಒತ್ತಿದರೆ ತೋಳು ಗೋದಾಮಿನ ಗೋಡೆಯ ಕಡೆ, ಹಿಮ್ಮಡಿ ಒತ್ತಿದರೆ ನೀರಿನ ಕಡೆ. ಭಾರ ಇಳಿಸಬೇಕಾದರೆ ಬಲಗೈಯ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಇಳಿಸುತ್ತಲೇ ನೀರಿನ ಕಡೆ ತಿರುಗಿಸಬೇಕಾದರೆ ಕೈ ಮುಂದಕ್ಕೆ, ಹಿಮ್ಮಡಿ ಹಿಂದಕ್ಕೆ. ಕಲಿಸಲು ಬಂದವನು ಹೇಳಿದ್ದ: "ಹದಿನೈದು ದಿನ ಬರೀ ಖಾಲಿ ಕೊಕ್ಕೆ ಆಡಿಸಿ. ಆಮೇಲೆ ಭಾರ." ನಾನು ಎರಡೇ ದಿನಕ್ಕೆ, "ಇದೆಲ್ಲ ನನಗೆ ನೀರು ಕುಡಿದ ಹಾಗೆ" ಎಂದೆ. "ಬೇಡಪ್ಪ, ಇನ್ನೂ ನಾಲ್ಕು ದಿನ ಆಡ್ಸು, ಯಾರು ಅಟ್ಟಿಸ್ಕೊಂಡು ಬರ್ತಿದಾರೆ?" ಎಂದವರು ನೀವೊಬ್ಬರೇ. ಮೇಸ್ತ್ರಿಯ ಮುಂದೆ ನನ್ನ ಜಂಬ ಕೇಳಬೇಕಲ್ಲ!

ಆಟದ ಮಾರನೆಯ ದಿನ, ನಿಮಗೆ ನಡೆಯಲು ಕಲಿಸಿದ ಆಸ್ಪತ್ರೆಯ ಆ ಹೆಣ್ಣುಮಗಳನ್ನು ಹುಡುಕಿಕೊಂಡು ಹೋದೆ. ಯಾರಿಗೋ ಆಗಿದ್ದು ಎನ್ನುವ ಹಾಗೆ ಕೇಳಿದೆ. ಆಕೆ ಹೇಳಿದಳು: "ಒಂದೇ ಮಗ್ಗುಲಿನ ಕೈಯನ್ನೂ ಕಾಲನ್ನೂ ಒಂದೇ ಕಡೆ ಕಳ್ಸೋದು ಮಿದುಳಿಗೆ ಸುಲಭ. ಎದುರುಬದುರು ಕಳ್ಸೋದು ಬಹಳ ಕಷ್ಟ. ಗಾಬರಿಯಾದ್ರೆ, ಅವಸರವಾದ್ರೆ ಇನ್ನೂ ಕಷ್ಟ. ಅದು ಯಾರ ತಪ್ಪೂ ಅಲ್ಲ, ಅಭ್ಯಾಸ ಬೇಕು ಅಷ್ಟೇ." ಯಾರ ತಪ್ಪೂ ಅಲ್ಲ ಎಂದಾಗ ಆಕೆಯ ಕಾಲಿಗೆ ಬೀಳಬೇಕು ಎನ್ನಿಸಿತು. ಮೆಟ್ಟಿಲು ಇಳಿಯುವಾಗ ಅಭ್ಯಾಸ ಬೇಕು ಎಂದದ್ದು ನೆನಪಾಗಿ, ಅಲ್ಲೇ ಕಂಬಿ ಹಿಡಿದು ಕೂತುಬಿಟ್ಟೆ.

ಆವತ್ತಿನಿಂದ ಒಂದೇ ಕೆಲಸ. ಅಡುಗೆಮನೆಯಲ್ಲಿ ಕುರ್ಚಿ, ಕೈಗೆ ಸೌಟು, ಕಾಲ ಕೆಳಗೆ ಇಟ್ಟಿಗೆಯ ಮೇಲೆ ಅಡ್ಡ ಇಟ್ಟ ಹಲಗೆ. ಸೌಟು ಮುಂದಕ್ಕೆ, ಹಿಮ್ಮಡಿ ಹಿಂದಕ್ಕೆ. ನಿಧಾನವಾಗಿ ಮಾಡಿದರೆ ಬರುತ್ತದೆ. ಹೆಂಡತಿ ಹಿಂದಿನಿಂದ ಪಾತ್ರೆ ಬೀಳಿಸಿದರೆ ಸಾಕು, ಪಾದ ಸೌಟಿನ ಹಿಂದೆ ಓಡಿಹೋಗುತ್ತದೆ. "ಏನ್ರೀ ಇದು, ಊಟ ಇಲ್ಲ ನಿದ್ದೆ ಇಲ್ಲ, ಕಾಲಿಗೇನು ದೆವ್ವ ಹಿಡಿದಿದ್ಯಾ?" ಎನ್ನುತ್ತಾಳೆ. ಇಪ್ಪತ್ತು ಸಲ ಸತತವಾಗಿ ತಪ್ಪದೆ ಬಂದರೆ, ಆವತ್ತೂ ನನ್ನ ಕಾಲು ತಪ್ಪಿರಲಿಲ್ಲ ಎಂದು ನಂಬಿಬಿಡೋಣ ಅಂತ ನನ್ನ ಲೆಕ್ಕ. ಹನ್ನೊಂದು ದಾಟಿಲ್ಲ. ಮೊನ್ನೆ ಹಲಗೆಯನ್ನು ಗೋಡೆಗೆ ಎಸೆದು ಮಗುವಿನ ಹಾಗೆ ಅತ್ತೆ ಭಾವ. ನನ್ನದೇ ಕಾಲು, ನಾನು ಬೇಡುತ್ತಿದ್ದೇನೆ, ಅದು ಕೇಳುತ್ತಿಲ್ಲ.

ಹಾಗಾಗಿ ಹೇಳಿಬಿಡುತ್ತೇನೆ. ಆವತ್ತು ಕೊಳವೆಗಳ ಕಟ್ಟು ಇಳಿಸುವಾಗ ನನ್ನ ಕಾಲು ತಪ್ಪಿರಬಹುದು. ಕೆಳಗೆ ಯಾವುದೋ ಲಾರಿ ಜೋರಾಗಿ ಹಾರ್ನ್ ಹೊಡೆಯಿತು, ಕೈ ಮುಂದೆ ಹೋಯಿತು, ಬಹುಶಃ ಪಾದವೂ ಅದರ ಜೊತೆಗೇ ಮುಂದೆ ಹೋಯಿತು, ಕಟ್ಟು ನೀರಿನ ಕಡೆ ಹೋಗುವ ಬದಲು ನೀವು ನಿಂತಿದ್ದ ಗೋಡೆಯ ಕಡೆ ಬಂತು. ಎಲ್ಲ ಕಣ್ಣು ಮಿಟುಕಿಸುವುದರಲ್ಲಿ ಮುಗಿದುಹೋಯಿತು. ನಿಮ್ಮ ಕೈ ಯಾವ ಕಡೆಗಿತ್ತೋ ನನಗೆ ಸರಿಯಾಗಿ ಕಾಣಲಿಲ್ಲ, ಗಾಜಿನ ಮೇಲೆ ಬಿಸಿಲು ಬಿದ್ದಿತ್ತು. ಆಮೇಲೆ ಮೇಸ್ತ್ರಿ ಏನೋ ಬರೆದು ತಂದ, ಓದದೆ ಸಹಿ ಹಾಕಿದೆ. ಶುಕ್ರವಾರ ಮೇಸ್ತ್ರಿಗೆ ಇದನ್ನು ಹೇಳಿದರೆ ಆತ, "ಕಾಲು ಹೇಳಿದ ಮಾತು ಕೇಳ್ಲಿಲ್ಲ ಅಂದ್ರೆ ಯಾರಪ್ಪಾ ನಂಬ್ತಾರೆ? ಸುಮ್ನೆ ಇರೋ ಕೆಲಸಾನೂ ಕಳ್ಕೋಬೇಡ" ಎಂದ.

ಆಸ್ಪತ್ರೆಯಲ್ಲಿ ನೀವು ನನ್ನನ್ನು ಒಂದು ಮಾತು ಕೇಳಿದ್ದಿರಿ. ಅದರ ಬಗ್ಗೆ ಇಲ್ಲಿ ಬರೆಯಲು ಕೈ ಏಳುತ್ತಿಲ್ಲ.

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ. ಮಕ್ಕಳಿಗೆ ಮಾವನ ಆಶೀರ್ವಾದ, ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ. ಈ ಆಟವನ್ನು ಅವರಿಗೆ ಹೇಳಿಕೊಡಬೇಡಿ. ನೀವು ದೊಡ್ಡವರು, ಶಪಿಸಿದರೂ ಹರಸಿದರೂ ತಲೆಬಾಗಿ ತೆಗೆದುಕೊಳ್ಳುತ್ತೇನೆ.

ಇಂತಿ
ನಿಮ್ಮ ಮೇಲ್ಮನೆಯವನು

ಮರೆತ ಮಾತು: ಮರೆತದ್ದಲ್ಲ ಭಾವ. ಲಕೋಟೆಗೆ ಅಂಟು ಹಚ್ಚಿ, ಮತ್ತೆ ಹರಿದು ಬರೆಯುತ್ತಿದ್ದೇನೆ.

ಗಾಜಿನ ಮೇಲೆ ಬಿಸಿಲಿರಲಿಲ್ಲ. ಆವತ್ತು ಮೋಡವಿತ್ತು. ಮೇಸ್ತ್ರಿ ತಾನಾಗಿ ಏನೂ ಬರೆಯಲಿಲ್ಲ. "ಅವರು ಯಾವ ಕಡೆ ತೋರಿಸಿದ್ರು?" ಎಂದು ಕೇಳಿದ, ನಾನು ಹೇಳಿದ್ದನ್ನು ಬರೆದುಕೊಂಡ. ಓದಿಯೇ ಸಹಿ ಹಾಕಿದೆ. ಪೆಡಲು ಬೆರಳ ಕಡೆ ಇಳಿದದ್ದು ಆ ಕ್ಷಣವೇ ಬೂಟಿನ ಕೆಳಗೆ ಗೊತ್ತಾಗಿತ್ತು.

ಆಸ್ಪತ್ರೆಯಲ್ಲಿ ನಿಮಗೆ ಎಚ್ಚರ ಬಂದ ಮೂರನೇ ದಿನ, ತಲೆಗೆ ಬಿದ್ದ ಪೆಟ್ಟಿನಿಂದ ಆ ಒಂದು ನಿಮಿಷ ನೆನಪೇ ಇಲ್ಲ ಎಂದಿರಿ. ಅಕ್ಕ ನೀರು ತರಲು ಹೋದಾಗ ನನ್ನ ಕೈ ಹಿಡಿದುಕೊಂಡು ಕೇಳಿದಿರಿ: "ನಿಜ ಹೇಳೋ, ನಾನು ಯಾವ ಕಡೆ ಕೈ ಮಾಡ್ದೆ? ನೀನು ಹೇಳಿದ್ರೆ ನಂಬ್ತೀನಿ." ನಾನು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು "ಗೋಡೆ ಕಡೆ, ಭಾವ" ಎಂದೆ. ನೀವು ಕೈ ಬಿಟ್ಟು ಗೋಡೆಯ ಕಡೆ ತಿರುಗಿ ಮಲಗಿದಿರಿ.

ಆಗ ನನ್ನ ಕಾಲು ತಪ್ಪಲಿಲ್ಲ, ಕೈ ತಪ್ಪಲಿಲ್ಲ, ಯಾವ ಅವಸರವೂ ಇರಲಿಲ್ಲ. ಅದಕ್ಕೆ ಮಿದುಳನ್ನು ದೂರುವ ಹಾಗಿಲ್ಲ.

ಇಷ್ಟನ್ನೂ ಇನ್ನೊಂದು ಹಾಳೆಯಲ್ಲಿ ಬರೆದು ಸಹಿ ಹಾಕಿ ಇಟ್ಟಿದ್ದೇನೆ. ಬೆಳಿಗ್ಗೆ ವಿಚಾರಣೆಯವರ ಕೈಗೇ ಕೊಡುತ್ತೇನೆ. ಗುರುವಾರ ಬಂದು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿ.

ನಿಮ್ಮ ಕೈ ನೀರಿನ ಕಡೆಗೇ ಇತ್ತು, ಭಾವ. ಮೊಣಕೈ ಕೂಡ ಬಾಗದೆ ನೆಟ್ಟಗೆ ಚಾಚಿತ್ತು. ಕಟ್ಟು ನಿಮ್ಮ ಮೇಲೆ ಬರುತ್ತಿದ್ದಾಗಲೂ ನೀವು ಕೈ ಇಳಿಸಲಿಲ್ಲ. ಇನ್ನು ರಸ್ತೆ ದಾಟುವಾಗ ಅಕ್ಕನನ್ನು ಕೇಳಬೇಡಿ.