ತೂಕದ ಮೆಷಿನ್ನಿಗೆ ಕಟ್ಟಿದ ಕೆಂಪು ದೀಪ

ಮಾಕಳಿ
೧೨ ಜುಲೈ ೨೦೨೪

ಪ್ರೀತಿಯ ಮನುವಿಗೆ ಲಕ್ಷ್ಮಣಪ್ಪ ಮಾವನ ಆಶೀರ್ವಾದ.

ಜಾಮ್‌ನಗರದ ಬಿಸಿಲಿಗೆ ನಿನ್ನ ತಲೆನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನನ್ನ ಬಗ್ಗೆ ಕೇಳಲೇಬೇಡ. ಪೀಣ್ಯದಲ್ಲಿ ಯಾವ ಯಂತ್ರ ಕೆಟ್ಟರೂ ಈಗ ನನಗೇ ಕಾರು ಕಳಿಸುತ್ತಾರೆ. ನಾನು ಕಾಲಿಟ್ಟರೆ ವೈಟ್‌ಫೀಲ್ಡಿನ ಎಂಜಿನಿಯರುಗಳು ಎದ್ದು ನಿಲ್ಲುತ್ತಾರೆ. ಊರ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವನಿಗೆ ಇನ್ನೇನು ಬೇಕು! ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯೆ, ಅದಕ್ಕೇ ಕಾಗದ ಬರೆದು ಫೋಟೋ ಕಳಿಸುತ್ತಿದ್ದೇನೆ.

ನಿನ್ನ ಮಗಳು ಚೆನ್ನಾಗಿದ್ದಾಳೆ. ಅವಳು ಅಳುವ ದನಿ ಕೇಳಿದರೆ ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸೆಂದು ಯಾರೂ ಹೇಳುವುದಿಲ್ಲ, ದನಿಯಲ್ಲಿ ನನ್ನನ್ನೇ ಹೋಲುತ್ತಾಳೆ. ನೀನು ಹೋಗುವ ಮುಂಚೆ ಅವಳಿಗೆಂದೇ ಮಾಡಿಟ್ಟ ತೂಕದ ಮೆಷಿನ್ನಿನಲ್ಲಿ ದಿನಾ ಬೆಳಿಗ್ಗೆ ನಾನೇ ಮಲಗಿಸುತ್ತೇನೆ. ಕೈಕಾಲು ಆಡಿಸಿದರೆ ಅಂಕಿ ನಿಲ್ಲುವುದಿಲ್ಲವಲ್ಲ, ಅವಳು ನೋಡುತ್ತಾ ಸುಮ್ಮನಿರಲಿ ಅಂತ ಒಂದು ಪುಟ್ಟ ಕೆಂಪು ದೀಪ ಕಟ್ಟಿದೆ. ನಿನ್ನ ಬೋರ್ಡಿನಲ್ಲಿ ಒಂದು ಪಿನ್ನು ಎರಡೂವರೆ ವೋಲ್ಟ್ ಹಿಡಿದುಕೊಂಡು ನಿಂತಿತ್ತು. ಕೆಲಸವಿಲ್ಲದೆ ಕೂತಿದೆ ಅಂದುಕೊಂಡು ಅಲ್ಲಿಂದಲೇ ತಂತಿ ಎಳೆದೆ. ಪುಟ್ಟಿ ಮಲಗಿದಾಗ ಮಾತ್ರ ಗುಂಡಿ ಒತ್ತಿ ಹಚ್ಚುವುದು.

ದೀಪ ಹಚ್ಚಿದ ಸೋಮವಾರವೇ ಪುಟ್ಟಿ ಎರಡೂವರೆ ಕಿಲೋ! ಅಷ್ಟು ತೂಗಿದರೆ ಒಳಲೆಯಲ್ಲಿ ಮೇಲ್ಹಾಲು ಕುಡಿಸುವುದು ಬೇಡ, ತಾಯಿ ಹಾಲೊಂದೇ ಸಾಕು ಎಂದು ಡಾಕ್ಟರು ಹೇಳಿದ್ದರಲ್ಲ, ನಿನ್ನ ಹೆಂಡತಿ ಯಮುನಾ ಒಳಲೆ ತೊಳೆದು ಮೇಲಿಟ್ಟಳು. ನಾನು ನಿನಗೆ ಮೆಸೇಜು ಹಾಕಿ ಬೀದಿಗೆಲ್ಲ ಸಕ್ಕರೆ ಹಂಚಿದೆ. ಬುಧವಾರ ಆಸ್ಪತ್ರೆಯಲ್ಲಿ ತೂಗಿದರೆ ಒಂದಿಷ್ಟು ಕಡಿಮೆ ಬಂತು. ಯಮುನಾ ಮನೆಗೆ ಬಂದವಳೇ ಉಪ್ಪಿನ ಪೊಟ್ಟಣ ತಂದು ನಿನ್ನ ಮೆಷಿನ್ನಿನ ಮೇಲಿಟ್ಟಳು. ಸರಿಯಾಗಿ ಒಂದು ಕಿಲೋ. ಮೆಷಿನ್ನು ಸರಿ ಇದೆ, ಹಾಗಾದರೆ ಇಳಿದಿರುವುದು ಕೂಸೇ ಎಂದುಕೊಂಡಳು. “ನನ್ ಹಾಲೇ ಸಾಲ್ತಿಲ್ವಾ ಮಾವ?” ಎಂದು ಕೇಳಿದಳು.

ಇಲ್ಲಿದ್ದಾಗ ನಿನ್ನ ಜೊತೆ ಕೆಲಸ ಮಾಡುತ್ತಿದ್ದ ವಿಶ್ವನಾಥನನ್ನು ಪೀಣ್ಯದಿಂದ ಕರೆಸಿದೆ. ಅವನು ಆ ಪಿನ್ನಿಗೆ ಮೀಟರು ಹಿಡಿದು, “ಹಚ್ಚಿ ಮಾವ ನಿಮ್ ದೀಪಾನ” ಅಂದ. ಹಚ್ಚಿದೆ. ವೋಲ್ಟು ಇಳಿಯಿತು. ಹಣೆ ಚಚ್ಚಿಕೊಂಡ. “ಇದು ಚಿಪ್ಪಿನ ಅಳತೆಗೋಲು ಕಣ್ರೀ. ಮಗು ತೂಕಕ್ಕೆ ಎಷ್ಟು ವೋಲ್ಟು ಬರುತ್ತೋ ಅದನ್ನ ಇದರಲ್ಲಿ ಅಳೆದು ಅಂಕಿ ತೋರ್ಸುತ್ತೆ. ನೀವು ಕೋಲಿಗೇ ದೀಪ ತಗುಲಾಕಿದ್ರೆ ಕೋಲು ಗಿಡ್ಡ ಆಗುತ್ತೆ, ಮಗು ದಪ್ಪ ಕಾಣ್ತಾಳೆ. ಸದ್ಯ, ಫ್ಯಾನ್ ಹಾಕಿಲ್ವಲ್ಲ!” ಉಪ್ಪಿಗೆ ಯಾರಾದರೂ ದೀಪ ಹಚ್ಚುತ್ತಾರಾ ಹೇಳು? ಅದಕ್ಕೇ ಅದು ಸರಿಯಾಗಿ ತೂಗಿತ್ತು.

ತಂತಿ ಕಿತ್ತಾಯಿತು. ಒಳಲೆ ಮತ್ತೆ ಕೆಳಗಿಳಿದಿದೆ. ಗಾಬರಿ ಬೇಡ, ಕೂಸು ಚುರುಕಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ನೀನು ಹೊಟ್ಟೆ ತುಂಬ ಉಂಡು, ಕೆಲಸ ಮುಗಿಸಿ ಬೇಗ ಬಾ. ಮನೆದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಸೋದರಮಾವ,
ಲಕ್ಷ್ಮಣಪ್ಪ

ತಾ.ಕ.: ಮೇಲೆ ‘ಒಂದಿಷ್ಟು’ ಎಂದು ಬರೆದೆನಲ್ಲ, ಪೂರ್ತಿ ನೂರು ಗ್ರಾಂ ಕಣೋ. ಪುಟ್ಟಿ ಸೋಮವಾರವೂ ಎರಡು ಕಿಲೋ ನಾನೂರೇ ಇದ್ದಳು. ಯಮುನಾಗೆ ಎಲ್ಲ ಬಿಡಿಸಿ ಹೇಳಿದೆ, ನಂಬುತ್ತಿಲ್ಲ. ತನ್ನ ಸಮಾಧಾನಕ್ಕೆ ನಾನು ಕಟ್ಟಿದ ಕಥೆಯಂತೆ. ವಿಶ್ವನಾಥನಿಗೂ ನಾನೇ ಹೇಳಿಕೊಟ್ಟು ಕರೆತಂದೆನಂತೆ. ನನ್ನ ಬಾಯಿ ಎಂಥದ್ದೆಂದು ಅವಳಿಗೆ ಗೊತ್ತಲ್ಲ. ಇದನ್ನು ಓದಿದ ಕೂಡಲೇ ನೀನೇ ಫೋನು ಮಾಡು. ಆ ನೂರು ಗ್ರಾಂ ಕಳೆದದ್ದು ನಾನು, ಅವಳ ಹಾಲಲ್ಲ ಎಂದು ಹೇಳು.