ಅಂಡಮಾನಿನ ಪ್ರಯಾಣಕ್ಕೆ ಒಂದು ಆಕ್ಷೇಪ

॥ ಶ್ರೀ ಮೌನೇಶ್ವರನ ಪಾದವೇ ಗತಿ ॥

ದೇವಾಪುರ, ಸುರಪುರ ತಾಲೂಕು
ಬಹುಧಾನ್ಯ ಸಂವತ್ಸರ, ಚೈತ್ರ ಶುದ್ಧ ದಶಮಿ, ಸೋಮವಾರ
೬-೪-೧೯೯೮

ಚಿರಂಜೀವಿ ಭೀಮರಾಯನಿಗೆ ತಂದೆ ಮರಿಲಿಂಗಪ್ಪನ ಅನಂತ ಆಶೀರ್ವಾದಗಳು.

ಇತ್ತ ನಾವು ಕ್ಷೇಮ. ಗುಲ್ಬರ್ಗಾದ ಬಿಸಿಲಿನಲ್ಲಿ ದಿನವಿಡೀ ಕುಳಿತು ಉತ್ತರಪತ್ರಿಕೆ ತಿದ್ದುವ ನಿನ್ನ ಕಣ್ಣುಗಳು ಹೇಗಿವೆ? ನಿನ್ನದು ಪಿತ್ತದ ದೇಹ, ಮಜ್ಜಿಗೆ ಬಿಡಬೇಡ. ನಿನ್ನ ಪತ್ನಿ ದೇವಕಮ್ಮ ಅಂಡಮಾನಿನ ಪ್ರಯಾಣದ ಸಿದ್ಧತೆಯಲ್ಲಿಯೇ ಮುಳುಗಿದ್ದಾಳೆ. ಮದ್ರಾಸಿನಿಂದ ಮೂರು ದಿನದ ಹಡಗಿನಲ್ಲಿ ಎರಡೂವರೆ ವರ್ಷದ ಅವಳಿ ಕೂಸುಗಳಿಗೆ ಉಣಿಸಲು ಹುರಿದ ಹಿಟ್ಟು, ಬೆಲ್ಲದ ಪುಡಿ ಡಬ್ಬಿಗೆ ತುಂಬಿದ್ದಾಳೆ. ಅವು ಹಡಗಿನ ಅಂಚಿಗೆ ಓಡದಂತೆ ಹಿಡಿದುಕೊಳ್ಳಲು ತನ್ನ ಹಳೆಯ ಇಳಕಲ್ ಸೀರೆ ಸೀಳಿ ನಡುಪಟ್ಟಿ ಹೊಲಿದಿದ್ದಾಳೆ. ಗುರಣ್ಣ ಅದನ್ನು ಕಟ್ಟಿಸಿಕೊಂಡು "ನಾ ಎತ್ತು" ಎನ್ನುತ್ತ ಅಂಗಳವೆಲ್ಲ ಸುತ್ತುತ್ತಾನೆ.

ಚಿಂತೆಯಿರುವುದು ಮೋನಮ್ಮನದು. ಯುಗಾದಿ ಕಳೆದಾಗಿನಿಂದ ಆ ಕೂಸು ನೀರು ಕಂಡರೆ ಬೆದರುತ್ತದೆ. ತಂಬಿಗೆ ಎತ್ತಿದರೆ ಸಾಕು, ಉಸಿರುಗಟ್ಟಿ ಚೀರುತ್ತದೆ. ಒದ್ದೆ ಬಟ್ಟೆಯಿಂದ ಮೈ ಒರೆಸಿ ದಿನ ದೂಡುತ್ತಿದ್ದೇವೆ. "ನಾನೇ ಸುಡುಸುಡು ನೀರು ಹಾಕೀನೋ ಏನೋ ಮಾವಾರ" ಎಂದು ದೇವಕಮ್ಮ ನಿನ್ನೆ ನನ್ನೆದುರು ಅತ್ತಳು. ನಾನು ಎದ್ದು ಅಂಗಳಕ್ಕೆ ಹೋದೆ. ಇಂಥ ಶಿಶುವನ್ನು ನಾಲ್ಕು ದಿಕ್ಕಿಗೂ ನೀರೇ ಇರುವಲ್ಲಿಗೆ ಒಯ್ಯುವುದೆಂತು? ಪಂಚಾಂಗವನ್ನೂ ನೋಡಿದೆ. ವೈಶಾಖದಲ್ಲಿ ನೀವು ಹೊರಡುವ ದಿನವು ಜಲಪ್ರಯಾಣಕ್ಕೆ ನಿಷಿದ್ಧವಾಗಿದೆ. ಮೋನಮ್ಮನ ರಾಶಿಗಂತೂ ಸರ್ವಥಾ ಸಲ್ಲದು. ಆದುದರಿಂದ ಟಿಕೆಟ್ಟುಗಳನ್ನು ಮರಳಿಸಿಬಿಡು. ಹಿರಿಯನ ಮಾತೆಂದು ತಿಳಿದು ನಡೆಯತಕ್ಕದ್ದು.

ಇಂತು ನಿನ್ನ ತಂದೆ,
ಮರಿಲಿಂಗಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಪಂಚಾಂಗದ ಮಾತು ಸುಳ್ಳು. ಆ ದಿನಕ್ಕೆ ಯಾವ ದೋಷವೂ ಇಲ್ಲ. ನಲವತ್ತು ವರ್ಷ ಊರಿಗೆ ಪಂಚಾಂಗ ಓದಿದವನು ಹೀಗೆ ಬರೆದೆ. ಸಮುದ್ರ ಕಾಣುವ ಮುನ್ನ ಕೂಸುಗಳಿಗೆ ನೀರಿನ ರೂಢಿಯಾಗಲೆಂದು ಯುಗಾದಿಯ ಮರುದಿನ, ದೇವಕಮ್ಮ ಸುರಪುರಕ್ಕೆ ಹೋದಾಗ, ಮೋನಮ್ಮನನ್ನು ಕಾಲುವೆಗೆ ಒಯ್ದೆ. ಗುರಣ್ಣ ಮಲಗಿದ್ದ. ಅದು ಕಾಲುವೆಯ ನೀರು ನಿಲ್ಲಿಸುವ ಪಾಳಿಯ ವಾರವೆಂದು ತಿಳಿದಿದ್ದೆ. ನೀರು ಕೂಸಿನ ಪಾದ ಮುಳುಗುವಷ್ಟೇ ಇತ್ತು. ಅವಳನ್ನು ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿ, ಗಂಗೆಗೆ ಅರಿಸಿನ ಕುಂಕುಮ ಏರಿಸಿ, ಕಣ್ಮುಚ್ಚಿ ಮಂತ್ರ ಹೇಳತೊಡಗಿದೆ. ಪಾಳಿ ಬದಲಾಗಿತ್ತು. ಮೇಲಿನ ಗೇಟಿನಿಂದ ಬಿಟ್ಟ ನೀರು ಬಂದು ಕೂಸನ್ನು ಎಳೆದೊಯ್ದಿತು. ಗೇಟು ಕಾಯುವ ಸಿಕಂದರ ಹಾರಿ ಹಿಡಿದ. ನೀರು ಕಕ್ಕಿಸಿ ನನ್ನ ಮಡಿಲಿಗೆ ಹಾಕಿ, "ಮಂತ್ರ ಆಮ್ಯಾಲ ಹೇಳ್ರಿ ಕಾಕಾ. ಗಂಗವ್ವ ಎಲ್ಲಿಗೂ ಹೋಗಾಂಗಿಲ್ಲ, ಕೂಸು ಹೋಗತೈತಿ" ಎಂದ. ಮನೆಗೆ ಬಂದು ಕೂಸಿನ ಅಂಗಿ ಬದಲಿಸಿ ಸುಮ್ಮನಾದೆ.

ಈ ಪತ್ರವನ್ನು ಮೊದಲು ದೇವಕಮ್ಮನ ಕೈಗೆ ಕೊಡುತ್ತೇನೆ. ಅವಳು ಓದಿದ ಬಳಿಕವೇ ಅಂಚೆಗೆ. ಹೋಗುವುದನ್ನೂ ಬಿಡುವುದನ್ನೂ ನೀವಿಬ್ಬರೇ ನಿಶ್ಚಯಿಸಿ. ಕೂಸುಗಳನ್ನು ಇನ್ನು ನನ್ನ ಕೈಗೆ ಕೊಡಬೇಕೋ ಬೇಡವೋ, ಅದು ಅವಳ ಮಾತು. ಅವಳಿಗೂ ನಿನಗೂ, ಎರಡೂ ಕಂದಮ್ಮಗಳಿಗೂ, ಸಿಕಂದರನ ಮನೆಮಂದಿಗೂ ಮೌನೇಶ್ವರನು ಶುಭವನ್ನೇ ಮಾಡಲಿ.